ವಿದ್ಯಾರ್ಥಿವೇತನದ ಮೇಲೆ ಸಂಬಳವೂ ಬೇಕೇ? ಅಮೆರಿಕದ ಕಾಲೇಜು ಆಟಗಾರರ ಬಗ್ಗೆ ಚರ್ಚೆ

ತುಂಗಾತೀರ (ಕೊಲಂಬಸ್, ಒಹಾಯೊ)

ಅಮೆರಿಕನ್ ಫುಟ್‌ಬಾಲ್ ಋತುವಿನ ಶನಿವಾರಗಳಲ್ಲಿ ಇಲ್ಲಿನ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಕ್ರೀಡಾಂಗಣಕ್ಕೆ ಒಂದು ಲಕ್ಷಕ್ಕೂ ಮೀರಿ ಜನ ಸೇರುತ್ತಾರೆ. ಊರಿಗೆ ಊರೇ ಕೆಂಪು ಅಂಗಿ ತೊಟ್ಟು ಹೊರಡುತ್ತದೆ. ಟಿಕೆಟ್, ಪಾರ್ಕಿಂಗ್, ಜೆರ್ಸಿ, ಟಿವಿ ಪ್ರಸಾರದ ಹಕ್ಕು ಎಲ್ಲದರಿಂದಲೂ ಹಣ ಬರುತ್ತದೆ. ಆಡುವವರು ಮಾತ್ರ ಹದಿನೆಂಟರಿಂದ ಇಪ್ಪತ್ತೆರಡು, ಇಪ್ಪತ್ಮೂರು ವರ್ಷದ ವಿದ್ಯಾರ್ಥಿಗಳು. ಮೊನ್ನೆ ಮೊನ್ನೆಯವರೆಗೆ ಅವರಿಗೆ ಕಾಲೇಜಿನಿಂದ ಸಿಗುತ್ತಿದ್ದದ್ದು ಶುಲ್ಕ, ವಸತಿ, ಊಟ, ಪುಸ್ತಕ ಮತ್ತು ಕೈಖರ್ಚಿಗೆ ಸ್ವಲ್ಪ ಹಣ.

ಹಿನ್ನೆಲೆ ಗೊತ್ತಿಲ್ಲದವರಿಗಾಗಿ ಚುಟುಕಾಗಿ ಹೇಳುತ್ತೇನೆ. ಅಮೆರಿಕದ ಕಾಲೇಜು ಕ್ರೀಡೆಯ ಬಹುಪಾಲನ್ನು ನಡೆಸುವುದು ಎನ್‌ಸಿಎಎ ಎಂಬ ಸಂಸ್ಥೆ. ಸುಮಾರು 1,100 ಕಾಲೇಜುಗಳು, ಐದು ಲಕ್ಷಕ್ಕೂ ಹೆಚ್ಚು ಆಟಗಾರರು ಅದರ ಅಡಿಯಲ್ಲಿದ್ದಾರೆ. ವಿದ್ಯಾರ್ಥಿವೇತನ ಬಿಟ್ಟು ಬೇರೆ ಹಣ ಮುಟ್ಟಿದವರು ಆಟದಿಂದ ಹೊರಗೆ ಎಂಬುದು ಅದರ ದಶಕಗಳ ನಿಯಮವಾಗಿತ್ತು. 2021ರ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಭಾವಚಿತ್ರಗಳನ್ನು ಜಾಹೀರಾತಿಗೆ ಕೊಟ್ಟು ಹಣ ಪಡೆಯಬಹುದು ಎಂದಾಯಿತು. ಇದಕ್ಕೇ ಎನ್‌ಐಎಲ್ ಎನ್ನುತ್ತಾರೆ. 2025ರ ಜೂನ್ 6ರಂದು ಫೆಡರಲ್ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಅವರು, ಆಟಗಾರರು ಎನ್‌ಸಿಎಎ ವಿರುದ್ಧ ಹೂಡಿದ್ದ ಹೌಸ್ ಪ್ರಕರಣದ ರಾಜಿಗೆ ಒಪ್ಪಿಗೆ ಕೊಟ್ಟರು. ಅಲ್ಲಿಂದೀಚೆಗೆ ಕಾಲೇಜುಗಳೇ ನೇರವಾಗಿ ಆದಾಯದಲ್ಲಿ ಪಾಲು ಕೊಡಬಹುದು. ಮೊದಲ ವರ್ಷಕ್ಕೆ ಒಂದೊಂದು ಕಾಲೇಜಿಗೂ ಮಿತಿ ಸುಮಾರು 2.05 ಕೋಟಿ ಡಾಲರ್, ಎಂದರೆ 170 ಕೋಟಿ ರೂಪಾಯಿಗೂ ಹೆಚ್ಚು. ಇದಲ್ಲದೆ 2016ರಿಂದ ಆಡಿದವರಿಗೆ ಪರಿಹಾರವಾಗಿ ಹತ್ತು ವರ್ಷಗಳಲ್ಲಿ ಸುಮಾರು 280 ಕೋಟಿ ಡಾಲರ್ ಸಲ್ಲಬೇಕು.

ನನ್ನ ಮಟ್ಟಿಗೆ ಇದು ಬರಬೇಕಾದ ಹಣ, ತಡವಾಗಿ ಬಂದಿದೆ. ಆದರೆ ನಮ್ಮ ಕನ್ನಡ ಬಳಗದಲ್ಲಿ ಈ ಮಾತು ತೆಗೆದಾಗಲೆಲ್ಲ ‘ಪುಕ್ಕಟೆ ಓದು ಸಿಗುವಾಗ ಸಂಬಳ ಯಾಕೆ’ ಎಂದು ಅನೇಕರು ಕೇಳುತ್ತಾರೆ. ಅದಕ್ಕೇ ಇಲ್ಲಿ ಹಾಕಿದ್ದೇನೆ. ನಿಮ್ಮ ಅಭಿಪ್ರಾಯ ತಿಳಿಸಿ.


ಹಳೆಯ ಮೇಷ್ಟ್ರು (ಧಾರವಾಡ)

ಆ ಪ್ರಶ್ನೆಯನ್ನು ಕೇಳುವವರಲ್ಲಿ ನಾನೂ ಒಬ್ಬ, ಮತ್ತು ಮನಸಾರೆ ಕೇಳುತ್ತೇನೆ. ಅಮೆರಿಕದ ಖಾಸಗಿ ವಿಶ್ವವಿದ್ಯಾಲಯದಲ್ಲಿ ಒಂದು ವರ್ಷದ ಒಟ್ಟು ಖರ್ಚು ಎಂಬತ್ತು ಸಾವಿರ ಡಾಲರ್ ದಾಟುವುದು ಈಗ ಸಾಮಾನ್ಯ. ನನ್ನ ಹಳೆಯ ವಿದ್ಯಾರ್ಥಿಗಳು ಎಂ.ಎಸ್. ಓದಲು ಹೋಗುವಾಗ ಅಪ್ಪನ ಹೊಲ ಅಡವಿಟ್ಟು ಬ್ಯಾಂಕಿನ ಕಾಗದಕ್ಕೆ ಸಹಿ ಹಾಕಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಅಂಥ ಓದನ್ನು ನಾಲ್ಕು ವರ್ಷ ಉಚಿತವಾಗಿ ಪಡೆದು, ಸಾಲವಿಲ್ಲದೆ ಪದವಿ ಹಿಡಿದು ಹೊರಬರುವ ಹುಡುಗನಿಗೆ ಏನೂ ಸಿಕ್ಕಿಲ್ಲ ಎಂದರೆ ನಾನು ಒಪ್ಪುವುದಿಲ್ಲ.

ಇನ್ನೊಂದು ಮಾತು. ವಿಶ್ವವಿದ್ಯಾಲಯ ಇರುವುದು ಕಲಿಸಲಿಕ್ಕೆ. ತರಗತಿಯಲ್ಲಿ ಪಕ್ಕ ಪಕ್ಕ ಕುಳಿತ ಇಬ್ಬರಲ್ಲಿ ಒಬ್ಬ ಲಕ್ಷಾಂತರ ಡಾಲರ್ ಎಣಿಸುತ್ತಿದ್ದರೆ, ಅವನಿಗೆ ಕಡಿಮೆ ಅಂಕ ಕೊಡುವ ಧೈರ್ಯ ಯಾವ ಅಧ್ಯಾಪಕನಿಗೆ ಇದ್ದೀತು? ಅಲ್ಲದೆ ಖರ್ಚಿಗಿಂತ ಹೆಚ್ಚು ಗಳಿಸುವ ಕ್ರೀಡಾ ವಿಭಾಗಗಳು ಇಡೀ ದೇಶದಲ್ಲಿ ಎರಡು ಡಜನ್‌ನಷ್ಟು ಮಾತ್ರ ಎಂದು ಎನ್‌ಸಿಎಎಯೇ ಹೇಳಿಕೊಂಡು ಬಂದಿದೆ. ಉಳಿದ ಕಾಲೇಜುಗಳು ಸಂಬಳದ ಹಣವನ್ನು ಎಲ್ಲಿಂದ ತರಬೇಕು? ಕೊನೆಗೆ ಅದು ಬೇರೆ ವಿದ್ಯಾರ್ಥಿಗಳ ಶುಲ್ಕಕ್ಕೇ ಬಂದು ಸೇರುತ್ತದೆ.


ಜಮಾಖರ್ಚು (ಅಟ್ಲಾಂಟಾ)

ಮೇಷ್ಟ್ರೇ, ನಮಸ್ಕಾರ. ನಾನು ಲೆಕ್ಕಪತ್ರದ ಕೆಲಸದವನು, ಹಾಗಾಗಿ ನಿಮ್ಮ ಕೊನೆಯ ಮಾತನ್ನಷ್ಟೇ ಹಿಡಿದುಕೊಳ್ಳುತ್ತೇನೆ. ಲಾಭ ಹಂಚಿಕೊಳ್ಳಲು ಷೇರುದಾರರಿಲ್ಲದ ಸಂಸ್ಥೆಯಲ್ಲಿ ಬಂದದ್ದೆಲ್ಲ ಖರ್ಚಾಗಿಯೇ ತೀರುತ್ತದೆ. ಆದ್ದರಿಂದ ವರ್ಷದ ಕೊನೆಗೆ ಕೈಯಲ್ಲಿ ಏನೂ ಉಳಿಯಲಿಲ್ಲ ಎಂಬುದರಿಂದ ಹಣವೇ ಇರಲಿಲ್ಲ ಎಂದಾಗುವುದಿಲ್ಲ. ಅದು ಎಲ್ಲಿಗೆ ಹೋಯಿತು ಎಂದು ನೋಡಬೇಕು.

2023ರ ನವೆಂಬರ್‌ನಲ್ಲಿ ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯವು ಫುಟ್‌ಬಾಲ್ ತರಬೇತುದಾರ ಜಿಂಬೊ ಫಿಶರ್ ಅವರನ್ನು ತೆಗೆದುಹಾಕಿತು. ಒಪ್ಪಂದದ ಪ್ರಕಾರ ಅವರಿಗೆ ಕೊಡಬೇಕಾಗಿ ಬಂದದ್ದು 7.5 ಕೋಟಿ ಡಾಲರ್‌ಗೂ ಹೆಚ್ಚು. ಕೆಲಸ ಮಾಡಿದ್ದಕ್ಕಲ್ಲ, ಇನ್ನು ಮುಂದೆ ಬರಬೇಡಿ ಎಂದಿದ್ದಕ್ಕೆ! ಈಗ ಒಂದು ಕಾಲೇಜು ತನ್ನ ಎಲ್ಲ ಆಟಗಾರರಿಗೂ ಸೇರಿ ಒಂದು ವರ್ಷಕ್ಕೆ ಹಂಚಬಹುದಾದ ಮೊತ್ತದ ಮೂರೂವರೆ ಪಟ್ಟಿಗೂ ಹೆಚ್ಚು ಅದು. ಬಹಳಷ್ಟು ರಾಜ್ಯಗಳಲ್ಲಿ ಅತಿ ಹೆಚ್ಚು ಸಂಬಳ ಪಡೆಯುವ ಸರ್ಕಾರಿ ನೌಕರ ರಾಜ್ಯಪಾಲರೂ ಅಲ್ಲ, ವೈದ್ಯಕೀಯ ಕಾಲೇಜಿನ ಮುಖ್ಯಸ್ಥರೂ ಅಲ್ಲ. ಫುಟ್‌ಬಾಲ್ ಅಥವಾ ಬ್ಯಾಸ್ಕೆಟ್‌ಬಾಲ್ ತರಬೇತುದಾರ. ಮದುವೆ ಮನೆಯಲ್ಲಿ ಚಪ್ಪರಕ್ಕೂ ಓಲಗಕ್ಕೂ ಸಾಲ ಮಾಡಿ ಸುರಿದು, ಅಡುಗೆಯವರ ಮುಂದೆ ಬರಿಗೈ ತೋರಿಸಿದರೆ ಯಾರಾದರೂ ಒಪ್ಪುತ್ತಾರೆಯೇ?

ಸಣ್ಣ ಕಾಲೇಜುಗಳ ಬಗ್ಗೆ ನೀವು ಹೇಳಿದ್ದು ಸರಿ. ಅಲ್ಲಿ ನಿಜವಾಗಿಯೂ ಹಣವಿಲ್ಲ. ಎನ್‌ಸಿಎಎ ವಿಂಗಡಣೆಯ ಮೂರನೇ ದರ್ಜೆಯ (ಡಿವಿಷನ್ 3) ಕಾಲೇಜುಗಳಲ್ಲಿ ಕ್ರೀಡಾ ವಿದ್ಯಾರ್ಥಿವೇತನವೇ ಇಲ್ಲ. ಅವುಗಳನ್ನೂ ಟಿವಿ ಹಣದಲ್ಲಿ ತೇಲುವ ಕಾಲೇಜುಗಳನ್ನೂ ಒಂದೇ ಮಾತಿನಲ್ಲಿ ಸೇರಿಸಿ ಚರ್ಚಿಸುವುದನ್ನು ಬಿಡೋಣ.


ಮೂರನೇ ಕ್ವಾರ್ಟರ್ (ಡಲ್ಲಾಸ್)

2014ರಲ್ಲಿ ಕನೆಕ್ಟಿಕಟ್ ತಂಡ ರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಕಿರೀಟ ಗೆದ್ದಾಗ ಅದರ ಮುಖ್ಯ ಆಟಗಾರ ಶಬಾಜ್ ನೇಪಿಯರ್ ಪತ್ರಕರ್ತರಿಗೆ ಹೇಳಿದ್ದನ್ನು ನೆನಪಿಸುತ್ತೇನೆ: ಎಷ್ಟೋ ರಾತ್ರಿ ತಾನು ಹಸಿದು ಮಲಗಿದ್ದೇನೆ ಎಂದು. ಅದೇ ಸಮಯದಲ್ಲಿ ಅಂಗಡಿಗಳಲ್ಲಿ ಅವನ ಸಂಖ್ಯೆಯ ಜೆರ್ಸಿ ಮಾರಾಟಕ್ಕಿತ್ತು. ಆ ಮಾತು ಹೊರಬಿದ್ದ ಕೆಲವೇ ದಿನಗಳಲ್ಲಿ ಎನ್‌ಸಿಎಎ ಊಟದ ಮಿತಿಯನ್ನು ಸಡಿಲಿಸಿತು. ಆ ಪಂದ್ಯಾವಳಿಯ ಪ್ರಸಾರಕ್ಕೆ ಆಗ ಇದ್ದ ಒಪ್ಪಂದ 14 ವರ್ಷಕ್ಕೆ 1,080 ಕೋಟಿ ಡಾಲರ್. ಮೇಷ್ಟ್ರೇ, ಪದವಿಯ ಬೆಲೆಯನ್ನು ನಾನು ಕಡಿಮೆ ಮಾಡುವುದಿಲ್ಲ. ಆದರೆ ಹಸಿದು ಮಲಗಿದ ಹುಡುಗನಿಗೆ ಎಂಬತ್ತು ಸಾವಿರದ ಲೆಕ್ಕ ತೋರಿಸಿ ಏನು ಪ್ರಯೋಜನ?


ನೀರಹಕ್ಕಿ (ಮೈಸೂರು)

ಇಲ್ಲಿಯವರೆಗೆ ಎಲ್ಲರೂ ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್ ಮಾತನ್ನೇ ಆಡಿದ್ದೀರಿ. ನಾನು ಅಮೆರಿಕದ ಮೊದಲ ದರ್ಜೆಯ ಒಂದು ವಿಶ್ವವಿದ್ಯಾಲಯದ ಈಜು ತಂಡದಲ್ಲಿದ್ದೆ, 2023ರಲ್ಲಿ ಪದವಿ ಮುಗಿಸಿ ಊರಿಗೆ ಬಂದೆ. ಒಳಗಿನಿಂದ ಕಂಡದ್ದನ್ನು ಹೇಳುತ್ತೇನೆ.

ಮೊದಲಿಗೆ, ‘ಪೂರ್ತಿ ಉಚಿತ ಓದು’ ಎಂಬುದು ಎಲ್ಲರಿಗೂ ಇರಲಿಲ್ಲ. ಆಗಿನ ನಿಯಮದಂತೆ ಒಂದು ಕಾಲೇಜಿನ ಮಹಿಳಾ ಈಜು ತಂಡಕ್ಕೆ 14, ಪುರುಷರಿಗೆ 9.9 ವಿದ್ಯಾರ್ಥಿವೇತನಗಳು. ತಂಡದಲ್ಲಿ ಇಪ್ಪತ್ತೈದು, ಮೂವತ್ತು ಜನ. ಆ ಹದಿನಾಲ್ಕನ್ನು ತರಬೇತುದಾರರು ಅರ್ಧ, ಕಾಲು ಎಂದು ಹಂಚುತ್ತಿದ್ದರು. ನನಗೆ ಸಿಕ್ಕಿದ್ದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಉಳಿದದ್ದನ್ನು ಅಪ್ಪ ಭವಿಷ್ಯ ನಿಧಿಯಿಂದ ತೆಗೆದು ಕಳುಹಿಸಿದರು.

ಬೆಳಗ್ಗೆ 5.30ಕ್ಕೆ ಕೊಳಕ್ಕೆ ಇಳಿಯಬೇಕು. ಏಳೂವರೆಗೆ ಹೊರಬಂದು, ಒದ್ದೆ ಕೂದಲನ್ನು ಟೋಪಿಯೊಳಗೆ ತುರುಕಿ, ಕೈಯಲ್ಲೊಂದು ಮೊಟ್ಟೆಯ ಬ್ರೆಡ್ ಹಿಡಿದು ಎಂಟರ ತರಗತಿಗೆ ಓಡಬೇಕು. ಚಳಿಗಾಲದಲ್ಲಿ ಟೋಪಿಯಿಂದ ಹೊರಗೆ ಉಳಿದ ಕೂದಲು ದಾರಿಯಲ್ಲೇ ಹೆಪ್ಪುಗಟ್ಟುತ್ತಿತ್ತು. ಮಧ್ಯಾಹ್ನ ತೂಕ ಎತ್ತುವುದು, ಸಂಜೆ ಮತ್ತೆ ಕೊಳ. ನಿಯಮದಲ್ಲಿ ವಾರಕ್ಕೆ 20 ಗಂಟೆಯ ಮಿತಿ ಇದೆ. ಆದರೆ ಸ್ಪರ್ಧೆಯ ದಿನ ಎಷ್ಟು ಹೊತ್ತಾದರೂ ಲೆಕ್ಕಕ್ಕೆ ಮೂರೇ ಗಂಟೆ. ಬಸ್ಸಿನಲ್ಲಿ ಕಳೆದ ರಾತ್ರಿಗಳು ಲೆಕ್ಕಕ್ಕೇ ಇಲ್ಲ, ಫಿಸಿಯೊ ಮುಂದೆ ಭುಜಕ್ಕೆ ಐಸ್ ಕಟ್ಟಿಸಿಕೊಂಡು ಕುಳಿತ ಹೊತ್ತೂ ಇಲ್ಲ. ಇದನ್ನು ಹವ್ಯಾಸ ಎಂದು ಯಾರಾದರೂ ಕರೆದರೆ ನನಗೆ ಸಿಟ್ಟು ಬರುತ್ತದೆ.

2021ರಲ್ಲಿ ಎನ್‌ಐಎಲ್ ಬಂದಾಗ ತಂಡದ ಅಮೆರಿಕದ ಹುಡುಗಿಯರು ಈಜು ಕನ್ನಡಕ, ಪ್ರೋಟೀನ್ ಪುಡಿಗಳ ಸಣ್ಣ ಪುಟ್ಟ ಜಾಹೀರಾತು ಮಾಡಿ ಕೈಖರ್ಚು ನೋಡಿಕೊಂಡರು. ನನಗೆ ಅದೂ ಇರಲಿಲ್ಲ. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಇರುವವರು ಕ್ಯಾಂಪಸ್ಸಿನ ಹೊರಗೆ ಅನುಮತಿಯಿಲ್ಲದೆ ದುಡಿಯುವಂತಿಲ್ಲ. ಒಂದು ಜಾಹೀರಾತಿಗೆ ನಿಂತು ಫೋಟೊ ತೆಗೆಸಿಕೊಂಡರೂ ವೀಸಾ ಕಳೆದುಕೊಳ್ಳುವ ಭಯ. ಇದು ನನ್ನೊಬ್ಬಳ ಕಥೆಯಲ್ಲ. ಪರ್ಡ್ಯೂ ವಿಶ್ವವಿದ್ಯಾಲಯದ ಜ್ಯಾಕ್ ಈಡಿ 2023 ಮತ್ತು 2024ರಲ್ಲಿ ದೇಶದ ಶ್ರೇಷ್ಠ ಕಾಲೇಜು ಬ್ಯಾಸ್ಕೆಟ್‌ಬಾಲ್ ಆಟಗಾರ ಎನಿಸಿಕೊಂಡವನು. ಕೆನಡಾದವನಾದ ಕಾರಣ ತನ್ನ ಹೆಸರಿನ ಮಾರುಕಟ್ಟೆಯಲ್ಲಿ ಬಹುಪಾಲನ್ನು ಅವನೂ ಮುಟ್ಟಲಾಗಲಿಲ್ಲ.

ಆದರೆ ನನ್ನನ್ನು ನಿಜವಾಗಿ ನೋಯಿಸಿದ್ದು ಜಾಹೀರಾತಿನ ಹಣವಲ್ಲ. ಕೊನೆಯ ವರ್ಷ ಬಲಭುಜದ ಸ್ನಾಯು ಹರಿಯಿತು. ಋತು ಮುಗಿಯುವವರೆಗೆ ಕಾಲೇಜಿನ ವೈದ್ಯರು ನೋಡಿದರು, ಚುಚ್ಚುಮದ್ದು ಕೊಟ್ಟು ಸ್ಪರ್ಧೆಗೂ ಇಳಿಸಿದರು. ಪದವಿ ಕೈಗೆ ಬಂದ ಮೇಲೆ ಅವರ ಜವಾಬ್ದಾರಿ ಮುಗಿಯಿತು. ಶಸ್ತ್ರಚಿಕಿತ್ಸೆ ಆದದ್ದು ಮೈಸೂರಿನಲ್ಲಿ, ಅಪ್ಪನ ಹಣದಲ್ಲಿ. ಇವತ್ತಿಗೂ ಮೇಲಿನ ಕಪಾಟಿನ ಡಬ್ಬಿ ಇಳಿಸಲು ನಾನು ಎಡಗೈಯನ್ನೇ ಚಾಚುತ್ತೇನೆ. ವಿದ್ಯಾರ್ಥಿವೇತನದ ಮೇಲೆ ಇನ್ನೇನು ಬೇಕು ಎಂದು ಕೇಳಿದರೆ ನನ್ನ ಉತ್ತರ ಇದೇ: ಮೊದಲು ಆ ಭುಜದ ಖರ್ಚು.


ಹಳೆಯ ಮೇಷ್ಟ್ರು

ತಂಗಿ, ನಿನ್ನ ಬರಹ ಓದಿ ಮನಸ್ಸಿಗೆ ಬೇಸರವಾಯಿತು. ಆಟದಲ್ಲಿ ಆದ ಗಾಯಕ್ಕೆ ಆಡಿಸಿದವರೇ ಹೊಣೆ, ಇದರಲ್ಲಿ ಎರಡು ಮಾತಿಲ್ಲ. ಆದರೆ ನೋಡು, ನೀನು ಕೇಳುತ್ತಿರುವುದು ಚಿಕಿತ್ಸೆಯನ್ನು, ಸಂಬಳವನ್ನಲ್ಲ. ಈಗ ಹರಿಯುತ್ತಿರುವ 2.05 ಕೋಟಿಯಲ್ಲಿ ಈಜುಗಾರ್ತಿಯ ಪಾಲು ಎಷ್ಟಿದ್ದೀತು? ಫುಟ್‌ಬಾಲಿಗೆ ಸಂಬಳ ಕೊಡಲು ಹೊರಟ ಕಾಲೇಜು ಮೊದಲು ಮುಚ್ಚುವುದು ನಿನ್ನ ಕೊಳವನ್ನೇ ಅಲ್ಲವೇ? ನನ್ನ ವಿರೋಧದ ಮೂಲ ಇಲ್ಲಿದೆ.


ನೀರಹಕ್ಕಿ

ಸರ್, ಆ ಭಯ ನನಗೂ ಇದೆ. 2020ರ ಜುಲೈನಲ್ಲಿ ಸ್ಟ್ಯಾನ್‌ಫರ್ಡ್‌ನಂಥ ಶ್ರೀಮಂತ ವಿಶ್ವವಿದ್ಯಾಲಯವೇ 11 ಕ್ರೀಡೆಗಳನ್ನು ನಿಲ್ಲಿಸುವುದಾಗಿ ಪ್ರಕಟಿಸಿತ್ತು. ಹಳೆಯ ಆಟಗಾರರು ಹೋರಾಡಿದ ಮೇಲೆ 2021ರ ಮೇ ತಿಂಗಳಲ್ಲಿ ಹಿಂತೆಗೆದುಕೊಂಡಿತು. ಗಮನಿಸಿ, ಆಗ ಒಬ್ಬ ಆಟಗಾರನಿಗೂ ಕಾಲೇಜು ನೇರವಾಗಿ ಸಂಬಳ ಕೊಡುತ್ತಿರಲಿಲ್ಲ. ಆದ್ದರಿಂದ ಕೊಳ ಮುಚ್ಚುವವರು ಸಂಬಳವಿಲ್ಲದಿದ್ದರೂ ಮುಚ್ಚುತ್ತಾರೆ. ನಾವು ಬಾಯಿ ಮುಚ್ಚಿಕೊಂಡಿದ್ದರೆ ಕೊಳ ಉಳಿಯುತ್ತದೆ ಎಂಬ ಖಾತ್ರಿ ಎಂದೂ ಇರಲಿಲ್ಲ.


ಎಡಿಸನ್ ವಕೀಲೆ (ನ್ಯೂಜೆರ್ಸಿ)

ಮೇಷ್ಟ್ರು ‘ಚಿಕಿತ್ಸೆ ಬೇರೆ, ಸಂಬಳ ಬೇರೆ’ ಎಂದರು. ಕಾನೂನಿನ ದೃಷ್ಟಿಯಲ್ಲಿ ಅವೆರಡೂ ಒಂದೇ ಬೇರಿನವು. ಇದನ್ನು ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಕ್ಷಮಿಸಿ. ಹಣದ ಚರ್ಚೆಯಲ್ಲಿ ಮುಚ್ಚಿಹೋಗುವ ಸಂಗತಿ ಇದು.

1955ರಲ್ಲಿ ಕೊಲರಾಡೊದ ಫೋರ್ಟ್ ಲೂಯಿಸ್ ಎ ಅಂಡ್ ಎಂ ಎಂಬ ಸಣ್ಣ ಕಾಲೇಜಿನ ಪರವಾಗಿ ಫುಟ್‌ಬಾಲ್ ಆಡುತ್ತಿದ್ದ ರೇ ಡೆನಿಸನ್ ಎಂಬಾತ ಪಂದ್ಯದಲ್ಲಿ ತಲೆಗೆ ಪೆಟ್ಟು ಬಿದ್ದು ತೀರಿಕೊಂಡ. ಅವನ ಹೆಂಡತಿ, ಕೆಲಸದಲ್ಲಿ ಸತ್ತ ಕಾರ್ಮಿಕನ ಕುಟುಂಬಕ್ಕೆ ಸಿಗುವ ಪರಿಹಾರ ಕೇಳಿದಳು. 1957ರಲ್ಲಿ ಕೊಲರಾಡೊ ಸುಪ್ರೀಂ ಕೋರ್ಟ್ ಇಲ್ಲ ಎಂದಿತು. ಕಾಲೇಜು ಫುಟ್‌ಬಾಲ್ ವ್ಯಾಪಾರ ಮಾಡುತ್ತಿಲ್ಲ, ಆದ್ದರಿಂದ ಸತ್ತವನು ನೌಕರನಲ್ಲ ಎಂಬುದು ಅದರ ತರ್ಕ. 1951ರಿಂದ 1987ರವರೆಗೆ ಎನ್‌ಸಿಎಎಯನ್ನು ನಡೆಸಿದ ವಾಲ್ಟರ್ ಬೈಯರ್ಸ್, ‘ವಿದ್ಯಾರ್ಥಿ-ಕ್ರೀಡಾಪಟು’ ಎಂಬ ಹೆಸರನ್ನು ತಾವು ನಿಯಮಗಳಲ್ಲೆಲ್ಲ ತುಂಬಿಸಿದ್ದು ಇಂಥ ಪರಿಹಾರದ ದಾವೆಗಳ ಭಯದಿಂದಲೇ ಎಂದು ನಿವೃತ್ತಿಯ ನಂತರ ತಾವೇ ಬರೆದರು. ಆಮೇಲೆ ಕೆಂಟ್ ವಾಲ್ಡ್ರೆಪ್. 1974ರಲ್ಲಿ ಟೆಕ್ಸಸ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯದ ಪರ ಅಲಬಾಮಾ ವಿರುದ್ಧ ಆಡುವಾಗ ಬಿದ್ದು ಪಾರ್ಶ್ವವಾಯು ಪೀಡಿತನಾದ. ಬಹಳ ವರ್ಷ ಹೋರಾಡಿದ. 2000ದಲ್ಲಿ ಟೆಕ್ಸಸ್‌ನ ಮೇಲ್ಮನವಿ ನ್ಯಾಯಾಲಯ ಅವನೂ ನೌಕರನಲ್ಲ ಎಂದಿತು.

ಎಂದರೆ ‘ವಿದ್ಯಾರ್ಥಿವೇತನ ಸಾಕು’ ಎಂಬ ನಿಯಮ ಶುರುವಿನಿಂದಲೂ ಬರೀ ಸಂಬಳ ತಪ್ಪಿಸುವ ನಿಯಮವಾಗಿರಲಿಲ್ಲ. ಗಾಯ, ಸಾವುಗಳ ಹೊಣೆ ತಪ್ಪಿಸುವುದೂ ಅದರೊಳಗೆ ಸೇರಿತ್ತು. ನೀರಹಕ್ಕಿಯ ಭುಜದ ಬಿಲ್ಲು ಅವರ ಅಪ್ಪನ ಕೈಗೆ ಬಂದದ್ದು ಈ ದಾರಿಯಲ್ಲೇ.

ಈಗ ಹೌಸ್ ರಾಜಿಯಿಂದ ಹಣ ಬಂತು. ಆದರೆ ಆ ರಾಜಿ ಆಟಗಾರರನ್ನು ನೌಕರರೆಂದು ಒಪ್ಪಿಲ್ಲ. ಕೊಡುವ ಹಣ ಕಾಗದದ ಮೇಲೆ ಅವರ ಹೆಸರು, ಚಿತ್ರಗಳ ಬಳಕೆಗೆ. ಸಂಬಳದಂಥದ್ದು ಬಂತು, ಸಂಬಳದ ಜೊತೆಗೆ ಬರಬೇಕಾದ ರಕ್ಷಣೆ ಬರಲಿಲ್ಲ. ಕೆಲಸದಲ್ಲಾದ ಗಾಯಕ್ಕೆ ಪರಿಹಾರ, ಒಟ್ಟಾಗಿ ಕುಳಿತು ಚೌಕಾಸಿ ಮಾಡುವ ಹಕ್ಕು, ಹೆಚ್ಚುವರಿ ಗಂಟೆಗಳಿಗೆ ಹೆಚ್ಚುವರಿ ಸಂಬಳ, ಇವೆಲ್ಲ ಇನ್ನೂ ಹೊರಗೇ ನಿಂತಿವೆ. ವರ್ಷಕ್ಕೆ ಎಷ್ಟು ಹಂಚಬಹುದು ಎಂಬ ಮಿತಿಯನ್ನು ಯಾವ ಆಟಗಾರರ ಸಂಘವೂ ಮಾತಾಡಿ ಒಪ್ಪಿದ್ದಲ್ಲ. ವೃತ್ತಿಪರ ಲೀಗುಗಳಲ್ಲಿಯೂ ಮಿತಿ ಇದೆ, ಆದರೆ ಅದಕ್ಕೆ ಆಟಗಾರರ ಸಂಘದ ಸಹಿ ಇದೆ.

ಪ್ರಯತ್ನಗಳು ಆಗಿಲ್ಲವೆಂದಲ್ಲ. 2014ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಹುಡುಗರು ಸಂಘ ಕಟ್ಟಲು ಹೊರಟರು. ಋತುವಿನಲ್ಲಿ ವಾರಕ್ಕೆ 40ರಿಂದ 50 ಗಂಟೆ ದುಡಿಯುವ ಇವರು ನೌಕರರೇ ಎಂದು ಕಾರ್ಮಿಕ ಮಂಡಳಿಯ ಪ್ರಾದೇಶಿಕ ಅಧಿಕಾರಿ ಹೇಳಿದರು. ಹುಡುಗರು ಮತವನ್ನೂ ಹಾಕಿದರು. 2015ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಮಂಡಳಿ ಈ ವಿಷಯದಲ್ಲಿ ತಾನು ಕೈಹಾಕುವುದಿಲ್ಲ ಎಂದಿತು. ಆ ಮತಗಳನ್ನು ಎಣಿಸಲೇ ಇಲ್ಲ. 2024ರ ಮಾರ್ಚ್‌ನಲ್ಲಿ ಡಾರ್ಟ್‌ಮತ್ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡ 13-2 ಮತಗಳಿಂದ ಸಂಘ ಸೇರಿತು. ಆ ಕಾಲೇಜು ಕ್ರೀಡಾ ವಿದ್ಯಾರ್ಥಿವೇತನ ಕೊಡುವುದೇ ಇಲ್ಲ ಎಂಬುದನ್ನು ನೆನಪಿಡಿ. ವರ್ಷದ ಕೊನೆಯ ದಿನ ಅವರೂ ಅರ್ಜಿ ಹಿಂತೆಗೆದುಕೊಂಡರು.

2021ರ ಜೂನ್‌ನ ಆಲ್‌ಸ್ಟನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್‌ನ ಒಂಬತ್ತೂ ನ್ಯಾಯಮೂರ್ತಿಗಳು ಎನ್‌ಸಿಎಎ ವಿರುದ್ಧ ನಿಂತರು. ಆ ತೀರ್ಪು ಓದಿಗೆ ಸಂಬಂಧಿಸಿದ ಸೌಲಭ್ಯಗಳಿಗೆ ಮಾತ್ರ ಸೀಮಿತವಾಗಿತ್ತು. ಆದರೂ ನ್ಯಾಯಮೂರ್ತಿ ಕ್ಯಾವನಾ ಪ್ರತ್ಯೇಕವಾಗಿ ಬರೆದು, ಎನ್‌ಸಿಎಎ ಕಾನೂನಿಗಿಂತ ಮೇಲಲ್ಲ ಎಂದರು. 2024ರ ಜುಲೈನಲ್ಲಿ ನಮ್ಮ ನ್ಯೂಜೆರ್ಸಿಯೂ ಸೇರಿರುವ ಮೂರನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಜಾನ್ಸನ್ ಪ್ರಕರಣದಲ್ಲಿ, ಹವ್ಯಾಸಿ ಎಂಬ ಹಣೆಪಟ್ಟಿ ಇದ್ದಮಾತ್ರಕ್ಕೆ ಆಟಗಾರರನ್ನು ಕನಿಷ್ಠ ವೇತನದ ಕಾನೂನಿನಿಂದ ಹೊರಗಿಡಲಾಗದು ಎಂದಿತು. ಬಾಗಿಲು ಅಷ್ಟು ತೆರೆದಿದೆ. ಅದನ್ನು ಮತ್ತೆ ಮುಚ್ಚುವಂತೆ, ಆಟಗಾರರು ನೌಕರರಲ್ಲ ಎಂದು ಕಾನೂನನ್ನೇ ಮಾಡುವಂತೆ ಕಾಲೇಜುಗಳು ಸಂಸತ್ತಿನ ಮೇಲೆ ಒತ್ತಡ ತರುತ್ತಿವೆ. ನಾನು ಹೆದರುವುದು ಇದಕ್ಕೆ. ಹಣ ಕೊಟ್ಟು ಹಕ್ಕು ಬರೆಸಿಕೊಳ್ಳುವ ವ್ಯವಹಾರ ಇದು.


ಜಮಾಖರ್ಚು

ವಕೀಲರೇ, ಇಷ್ಟನ್ನೂ ಒಪ್ಪಿಯೇ ಕೇಳುತ್ತೇನೆ. ನೌಕರ ಎಂದ ಕೂಡಲೇ ಅವನನ್ನು ಕೆಲಸದಿಂದ ತೆಗೆಯಲೂ ಬರುತ್ತದೆ. ಇವತ್ತು ತೆರಿಗೆಯಿಲ್ಲದ ಶುಲ್ಕದ ಭಾಗಕ್ಕೆ ನಾಳೆ ತೆರಿಗೆ ಬೀಳಬಹುದು. ಹೊರದೇಶದ ಮಕ್ಕಳ ವೀಸಾ ಇನ್ನೂ ಜಟಿಲವಾಗುತ್ತದೆ. ಸಣ್ಣ ಕಾಲೇಜುಗಳು ವಿಮೆಯ ಕಂತು ನೋಡಿಯೇ ತಂಡಗಳನ್ನು ನಿಲ್ಲಿಸುತ್ತವೆ. ಗಾಯದ ಹೊಣೆಯನ್ನು ಎಲ್ಲ ಕಾಲೇಜುಗಳಿಗೂ ಕಡ್ಡಾಯ ಮಾಡಿ, ನೌಕರಿಯ ಮಾತನ್ನು ದೊಡ್ಡ ಲೀಗುಗಳ ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್‌ಗೆ ಮಾತ್ರ ಸೀಮಿತಗೊಳಿಸಿದರೆ ಸಾಲದೇ?


ಎಡಿಸನ್ ವಕೀಲೆ

ಅದು ಆಗಬಹುದಾದ ದಾರಿಯೇ. ಎಲ್ಲರನ್ನೂ ಒಂದೇ ಹಗ್ಗದಲ್ಲಿ ಕಟ್ಟಬೇಕೆಂದು ನಾನೂ ಹೇಳುವುದಿಲ್ಲ. ಆದರೆ ‘ವಿದ್ಯಾರ್ಥಿ ನೌಕರನಾಗಲು ಸಾಧ್ಯವೇ ಇಲ್ಲ’ ಎಂಬ ವಾದವನ್ನು ನಮ್ಮವರಾದರೂ ಒಪ್ಪಬಾರದು. ಇಲ್ಲಿಗೆ ಓದಲು ಬಂದ ಕನ್ನಡದ ಮಕ್ಕಳಲ್ಲಿ ಎಷ್ಟು ಜನ ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸಿ, ಕ್ಯಾಂಟೀನಿನಲ್ಲಿ ತಟ್ಟೆ ತೊಳೆದು ಗಂಟೆಯ ಲೆಕ್ಕದಲ್ಲಿ ಸಂಬಳ ಪಡೆದಿಲ್ಲ? ಅವರೆಲ್ಲ ವಿದ್ಯಾರ್ಥಿಗಳೂ ಹೌದು, ನೌಕರರೂ ಹೌದು. 2016ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಬೋಧನಾ ಸಹಾಯಕರಿಗೆ ಸಂಘ ಕಟ್ಟುವ ಹಕ್ಕೂ ಸಿಕ್ಕಿದೆ. ಕ್ರೀಡಾಂಗಣದಲ್ಲಿ ಪಾಪ್‌ಕಾರ್ನ್ ಮಾರುವ ವಿದ್ಯಾರ್ಥಿಗೆ ಕೈ ಸುಟ್ಟರೆ ಪರಿಹಾರವಿದೆ, ಅದೇ ಮೈದಾನದ ಮಧ್ಯೆ ಕಾಲು ಮುರಿದುಕೊಂಡವನಿಗೆ ಇಲ್ಲ.


ಮೂರನೇ ಕ್ವಾರ್ಟರ್

ಪಾಲಿನ ಪ್ರಶ್ನೆಗೆ ಬರೋಣ. ಹಳೆಯ ಬಾಕಿಯ ಹಂಚಿಕೆಯಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಭಾಗ ಪುರುಷರ ಫುಟ್‌ಬಾಲಿಗೆ, ಶೇ 15 ಪುರುಷರ ಬ್ಯಾಸ್ಕೆಟ್‌ಬಾಲಿಗೆ, ಶೇ 5 ಮಹಿಳಾ ಬ್ಯಾಸ್ಕೆಟ್‌ಬಾಲಿಗೆ, ಇನ್ನುಳಿದ ಎಲ್ಲರಿಗೂ ಸೇರಿ ಶೇ 5. ಮುಂದಿನ ವರ್ಷಗಳ ಹಣವನ್ನೂ ದೊಡ್ಡ ಕಾಲೇಜುಗಳು ಇದೇ ಅಳತೆಯಲ್ಲಿ ಹಂಚಲು ಹೊರಟಿವೆ. ಇದು ಓದಿನ ಸಂಸ್ಥೆಗಳಲ್ಲಿ ಹೆಣ್ಣು-ಗಂಡು ಭೇದ ಕೂಡದು ಎನ್ನುವ 1972ರ ಟೈಟಲ್ ನೈನ್ ಕಾನೂನಿಗೆ ವಿರುದ್ಧ ಎಂದು ಎಂಟು ಜನ ಆಟಗಾರ್ತಿಯರು ಮೇಲ್ಮನವಿ ಹಾಕಿದರು.

ಮಾರುಕಟ್ಟೆಯೇ ಹಾಗಿದೆ ಎನ್ನುವವರಿಗೆ ಒಂದು ಲೆಕ್ಕ ಕೊಡುತ್ತೇನೆ. 2024ರ ಮಹಿಳಾ ಬ್ಯಾಸ್ಕೆಟ್‌ಬಾಲ್ ಫೈನಲ್‌ನಲ್ಲಿ ಕೇಟ್ಲಿನ್ ಕ್ಲಾರ್ಕ್ ಅವರ ಅಯೋವಾ ತಂಡ ದಕ್ಷಿಣ ಕೆರೊಲಿನಾ ವಿರುದ್ಧ ಆಡಿದ್ದನ್ನು ಸರಾಸರಿ 1.89 ಕೋಟಿ ಜನ ಟಿವಿಯಲ್ಲಿ ನೋಡಿದರು. ಪುರುಷರ ಫೈನಲ್ ನೋಡಿದವರು 1.48 ಕೋಟಿ. ಅದಕ್ಕೆ ಮೂರೇ ವರ್ಷ ಹಿಂದೆ, 2021ರ ಪಂದ್ಯಾವಳಿಗೆ ಬಂದ ಹುಡುಗಿಯರಿಗೆ ಸ್ಯಾನ್ ಆಂಟೋನಿಯೊದಲ್ಲಿ ವ್ಯಾಯಾಮಕ್ಕೆಂದು ಇಟ್ಟಿದ್ದು ಒಂದು ಸಣ್ಣ ಸ್ಟ್ಯಾಂಡಿನ ಡಂಬೆಲ್‌ಗಳು ಮತ್ತು ಯೋಗದ ಚಾಪೆಗಳು. ಪುರುಷರಿಗೆ ದೊಡ್ಡ ಸಭಾಂಗಣದ ತುಂಬ ಸಲಕರಣೆ. ಒರೆಗಾನ್ ತಂಡದ ಸೆಡೋನಾ ಪ್ರಿನ್ಸ್ ಅದನ್ನು ಮೊಬೈಲಿನಲ್ಲಿ ಚಿತ್ರಿಸಿ ಹಾಕಿದ ಮೇಲೆ ಸಲಕರಣೆ ಬಂತು. ಪಂದ್ಯಾವಳಿಯಲ್ಲಿ ಗೆದ್ದುದಕ್ಕೆ ಮಹಿಳಾ ತಂಡಗಳ ಲೀಗುಗಳಿಗೂ ಹಣ ಹಂಚಬೇಕು ಎಂದು ಎನ್‌ಸಿಎಎ ಮತ ಹಾಕಿದ್ದು 2025ರ ಜನವರಿಯಲ್ಲಿ. ಇಷ್ಟು ವರ್ಷ ಕಡೆಗಣಿಸಿ, ಈಗ ನಿಮ್ಮ ಬೆಲೆ ಶೇ 5 ಎನ್ನುವುದು ಯಾವ ನ್ಯಾಯ?


ಓಟದ ಹಾದಿ (ಮೂಡುಬಿದಿರೆ)

ನಾನು ಇಲ್ಲಿ ಅಥ್ಲೆಟಿಕ್ಸ್ ಕಲಿಸುವವನು. ಅಮೆರಿಕದ ಈ ಗಲಾಟೆಯಿಂದ ನಮಗೇನು ಎಂದು ಕೇಳುವವರಿಗೆ ಹೇಳುತ್ತೇನೆ. ಎತ್ತರ ಜಿಗಿತದ ತೇಜಸ್ವಿನ್ ಶಂಕರ್ ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಓದುತ್ತ 2018 ಮತ್ತು 2022ರಲ್ಲಿ ಎನ್‌ಸಿಎಎ ಚಾಂಪಿಯನ್ ಆದರು, 2022ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಕಂಚು ತಂದರು. ಟೆನಿಸ್‌ನ ಸೋಮದೇವ್ ದೇವ್‌ವರ್ಮನ್ ವರ್ಜೀನಿಯಾದಲ್ಲಿದ್ದಾಗ 2007, 2008ರಲ್ಲಿ ಎರಡು ಬಾರಿ ಎನ್‌ಸಿಎಎ ಸಿಂಗಲ್ಸ್ ಗೆದ್ದವರು. ಓದು ಮತ್ತು ಆಟ ಎರಡನ್ನೂ ಬಿಡದೆ ನಡೆಸಬಹುದಾದ ಇಂಥ ಜಾಗ ನಮ್ಮ ಮಕ್ಕಳಿಗೆ ಲೋಕದಲ್ಲಿ ಬೇರೆಡೆ ಕಡಿಮೆ. ಅದಕ್ಕೆ ದುಡ್ಡು ಬರುತ್ತಿದ್ದದ್ದು ಫುಟ್‌ಬಾಲಿನ ಆದಾಯದಿಂದ. ಆ ಹಣ ದುಡಿದವರಿಗೇ ಸೇರಬೇಕು ಎಂಬ ವಾದದಲ್ಲಿ ತಪ್ಪು ಹುಡುಕಲಾರೆ. ಆದರೆ ಈ ಜಾಗ ಹೋಗದಂತೆ ನೋಡಿಕೊಳ್ಳಿ ಎಂದು ಕೇಳುವವರು ಯಾರೂ ಇಲ್ಲ ಎಂಬುದು ನನ್ನ ಚಿಂತೆ.

ಇಲ್ಲಿ ಖೇಲೋ ಇಂಡಿಯಾ ಯೋಜನೆಯಲ್ಲಿ ಆಯ್ಕೆಯಾದ ಮಕ್ಕಳಿಗೆ ತರಬೇತಿಯ ಜೊತೆಗೆ ತಿಂಗಳಿಗೆ 10,000 ರೂಪಾಯಿ ಕೈಖರ್ಚಿಗೆಂದು ನಿಗದಿಯಾಗಿದೆ. ಆ ಹತ್ತು ಸಾವಿರ ಬಂದ ಮನೆಯಲ್ಲಿ ‘ಓಟ ಸಾಕು, ಕೆಲಸಕ್ಕೆ ಹೋಗು’ ಎಂಬ ಮಾತು ನಿಂತದ್ದನ್ನು ನಾನು ನೋಡಿದ್ದೇನೆ. ಆಟಗಾರನ ಕೈಯಲ್ಲಿ ಸ್ವಂತ ಹಣವಿದ್ದರೆ ಆಟ ಕೆಡುತ್ತದೆ ಎಂಬ ಮಾತನ್ನು ಅದಕ್ಕೇ ನಾನು ನಂಬುವುದಿಲ್ಲ.


ತುಂಗಾತೀರ

ಎಲ್ಲರಿಗೂ ವಂದನೆಗಳು. ವಕೀಲರ ಮಾತಿಗೆ ಒಂದು ಉದಾಹರಣೆ ಸೇರಿಸುತ್ತೇನೆ. 2024ರ ಸೆಪ್ಟೆಂಬರ್‌ನಲ್ಲಿ ಲಾಸ್ ವೇಗಸ್‌ನ ನೆವಾಡಾ ವಿಶ್ವವಿದ್ಯಾಲಯದ ಕ್ವಾರ್ಟರ್‌ಬ್ಯಾಕ್ (ಫುಟ್‌ಬಾಲ್ ತಂಡದ ಆಟ ನಡೆಸುವ ಮುಖ್ಯ ಆಟಗಾರ) ಮ್ಯಾಥ್ಯೂ ಸ್ಲೂಕಾ, ತಂಡ ಮೂರಕ್ಕೆ ಮೂರು ಪಂದ್ಯ ಗೆದ್ದಿದ್ದಾಗ ಋತುವಿನ ನಡುವೆಯೇ ಹೊರನಡೆದ. ಮಾತು ಕೊಟ್ಟಿದ್ದ ಒಂದು ಲಕ್ಷ ಡಾಲರ್ ಬರಲಿಲ್ಲ ಎಂದು ಅವನ ಕಡೆಯವರು. ಅಂಥ ಒಪ್ಪಂದವೇ ಇರಲಿಲ್ಲ ಎಂದು ಇನ್ನೊಂದು ಕಡೆಯವರು. ಯಾರು ಸರಿ ಎಂದು ತೀರ್ಮಾನಿಸಲು ಸಹಿ ಮಾಡಿದ ಕಾಗದ ಇರಲಿಲ್ಲ. ಅವನಿಗೂ ಹಾನಿ, ಅವನನ್ನು ನಂಬಿ ಆಡುತ್ತಿದ್ದ ತಂಡಕ್ಕೂ ಹಾನಿ. ದುಡಿಮೆಯನ್ನು ದುಡಿಮೆ ಎಂದು ಒಪ್ಪಿ, ಕರಾರನ್ನು ಬರೆದಿಟ್ಟಿದ್ದರೆ ಇಬ್ಬರಿಗೂ ನೆಲೆ ಇರುತ್ತಿತ್ತು.


ಹಳೆಯ ಮೇಷ್ಟ್ರು

ಈ ಕರಾರಿನ ಮಾತು ನನಗೆ ಹಿಡಿಸಿತು. ಲಕ್ಷಾಂತರ ಡಾಲರಿನ ಹರಾಜನ್ನು ನಾನು ಈಗಲೂ ಒಪ್ಪುವುದಿಲ್ಲ, ವರ್ಷಕ್ಕೊಂದು ಕಾಲೇಜು ಬದಲಿಸುತ್ತ ಹೋಗುವವನಿಗೆ ಪದವಿ ಯಾವಾಗ ಮುಗಿದೀತು ಎಂಬ ನನ್ನ ಪ್ರಶ್ನೆ ಹಾಗೇ ಇದೆ. ಆದರೆ ಕರಾರಿನಲ್ಲಿ ಚಿಕಿತ್ಸೆ ಮತ್ತು ಪದವಿ ಮುಗಿಸುವ ಖಾತ್ರಿ ಮೊದಲೆರಡು ಸಾಲಾಗಿ ಬರುವುದಾದರೆ, ಆಮೇಲೆ ಹಣದ ಸಾಲು ಬರಲಿ. ನನ್ನ ಅಡ್ಡಿಯಿಲ್ಲ.


ಟೆನಿಸ್ ತಾಯಿ (ಬೆಂಗಳೂರು)

ಇಷ್ಟು ದಿನ ಸುಮ್ಮನೆ ಓದುತ್ತಿದ್ದೆ. ನನ್ನ ಮಗಳಿಗೆ ಅಲ್ಲಿನ ಮೊದಲ ದರ್ಜೆಯ ಒಂದು ಕಾಲೇಜಿನಿಂದ ಟೆನಿಸ್ ವಿದ್ಯಾರ್ಥಿವೇತನದ ಪ್ರಸ್ತಾಪ ಬಂದಿದೆ. ಮುಂದಿನ ವಾರ ತರಬೇತುದಾರರ ಜೊತೆ ವಿಡಿಯೊ ಕರೆ ಇದೆ. ಸಂಬಳದ ಆಸೆ ನಮಗಿಲ್ಲ. ಏನೇನು ಕೇಳಿಕೊಳ್ಳಬೇಕು ಎಂದು ದಯವಿಟ್ಟು ಹೇಳುತ್ತೀರಾ?


ನೀರಹಕ್ಕಿ

ಅಕ್ಕ, ಸಂಕೋಚಪಡದೆ ಕೇಳಿ. ನಾನು ಹೋಗುವಾಗ ಸಂಕೋಚಪಟ್ಟು ಏನೂ ಕೇಳಿರಲಿಲ್ಲ.

ಕಾಲೇಜು ಹೌಸ್ ರಾಜಿಗೆ ಸೇರಿದೆಯೇ ಎಂದು ಮೊದಲು ಕೇಳಿ. ಸೇರಿದ ಕಾಲೇಜುಗಳಲ್ಲಿ ವಿದ್ಯಾರ್ಥಿವೇತನದ ಹಳೆಯ ಮಿತಿ ಹೋಗಿದೆ, ಬದಲಿಗೆ ತಂಡದಲ್ಲಿ ಎಷ್ಟು ಜನ ಇರಬಹುದು ಎಂಬ ಮಿತಿ ಬಂದಿದೆ. ಮಗಳ ಜಾಗ ಆ ಸಂಖ್ಯೆಯೊಳಗೆ ಇದೆಯೇ ಎಂದು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ವಿದ್ಯಾರ್ಥಿವೇತನ ಒಂದು ವರ್ಷದ್ದೋ ನಾಲ್ಕು ವರ್ಷದ್ದೋ, ತರಬೇತುದಾರರು ಬದಲಾದರೆ ಏನು, ಇದೂ ಬರವಣಿಗೆಯಲ್ಲೇ ಇರಲಿ.

ಚಿಕಿತ್ಸೆ: 2024ರ ಆಗಸ್ಟ್‌ನಿಂದ ಮೊದಲ ದರ್ಜೆಯ ಕಾಲೇಜುಗಳು ಆಟದಲ್ಲಾದ ಗಾಯದ ಖರ್ಚನ್ನು ಆಟಗಾರರು ಕಾಲೇಜು ಬಿಟ್ಟ ಮೇಲೂ ಕನಿಷ್ಠ ಎರಡು ವರ್ಷ ನೋಡಿಕೊಳ್ಳಬೇಕು. ನನ್ನ ಕಾಲಕ್ಕೆ ಇದು ಇರಲಿಲ್ಲ. ಮಗಳು ಭಾರತಕ್ಕೆ ಮರಳಿದರೆ ಇಲ್ಲಿನ ಆಸ್ಪತ್ರೆಯ ಬಿಲ್ಲಿಗೂ ಅದು ಅನ್ವಯಿಸುತ್ತದೆಯೇ ಎಂದು ಬಿಡದೆ ಕೇಳಿ. ಪ್ರತಿ ಗಾಯವನ್ನೂ, ಸಣ್ಣದಾದರೂ, ತಂಡದ ವೈದ್ಯರ ದಾಖಲೆಯಲ್ಲಿ ಬರೆಸಲು ಮಗಳಿಗೆ ಹೇಳಿ. ಪ್ರತಿಗಳನ್ನು ನಿಮ್ಮ ಬಳಿ ಇಟ್ಟುಕೊಳ್ಳಿ.


ಎಡಿಸನ್ ವಕೀಲೆ

ಇದರ ಜೊತೆಗೆ ಒಂದು. ಯಾರಾದರೂ ಜಾಹೀರಾತು ಎಂದು, ಆದಾಯದಲ್ಲಿ ಪಾಲು ಎಂದು ಕಾಗದ ಮುಂದಿಟ್ಟರೆ ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯನ್ನೂ ಒಬ್ಬ ವಲಸೆ ವಕೀಲರನ್ನೂ ಕೇಳುವವರೆಗೆ ಸಹಿ ಬೇಡ. ಎಫ್-1ನಲ್ಲಿರುವ ಆಟಗಾರರ ಬಗ್ಗೆ ವಲಸೆ ಇಲಾಖೆ ಸ್ಪಷ್ಟ ನಿಯಮ ಕೊಟ್ಟಿಲ್ಲ. ತರಬೇತುದಾರರು ‘ಏನೂ ಆಗುವುದಿಲ್ಲ’ ಎಂದರೂ ವೀಸಾ ಹೋದರೆ ಹೋಗುವುದು ಮಗಳದ್ದು. ಅವರು ಕಳುಹಿಸುವ ಒಪ್ಪಂದದ ಪ್ರತಿಯಲ್ಲಿ ಚಿಕಿತ್ಸೆಯ ಭಾಗ ಎಲ್ಲಿದೆ ಎಂದು ಗೊತ್ತಾಗದಿದ್ದರೆ ಹೆಸರು, ವಿಳಾಸ ಅಳಿಸಿ ಇಲ್ಲಿ ಹಾಕಿ. ಓದಿ ಹೇಳುತ್ತೇನೆ.